ಜಾಂಬಣ್ಣ ಮಂಡಿಗುಡ್ಡ ಹತ್ತಿದ್ದು

ಅಯ್ಯೋ, ಕರಡಿಗೆ ಚಳಿ ಆಗಲ್ವಾ ಅಂತ ನನ್ನನ್ನ ಕೇಳಿದ್ರೆ ನಾನೇನು ಹೇಳ್ಲಿ ಮಕ್ಕಳೇ? ಕರಡಿಯನ್ನೇ ಕೇಳಬೇಕು. ಕೇಳೋಣ ಅಂದ್ರೆ ಈಗ ಅದು ಮಲಗಿರತ್ತೆ. ಚಳಿ ಶುರುವಾದಾಗ ಮಲಗಿದ್ರೆ ಯುಗಾದಿ ಹೊತ್ತಿಗೆ ಏಳತ್ತೆ. ನಡುವೆ ಎಬ್ಬಿಸಿ "ಚಳಿ ಆಗ್ತಿದೆಯಾ" ಅಂತ ವಿಚಾರಿಸಿ, ಉತ್ತರ ಕೇಳಿಸ್ಕೊಂಡು ವಾಪಸ್ ಬಂದವರು ಕಡಿಮೆ.

ಆದ್ರೂ ಕೇಳಿದ್ದೀರಿ ಅಂತ, ಹಿಮದಲ್ಲಿ ಎದ್ದು ಓಡಾಡಿದ ಒಂದು ಕರಡಿಯ ವಿಷಯ ಹೇಳ್ತೀನಿ. ಅವನಿಗೆ ಚಳಿ ಆಯ್ತು. ಬೇರೆ ಏನೇನೋ ಕೂಡ ಆಯ್ತು.

ಉತ್ತರದ ಕಡೆ, ಹಿಮ ಬೀಳೋ ಸೀಮೆಯಲ್ಲಿ, ದೇವದಾರು ಮರಗಳ ಒಂದು ಕಾಡು. ಕಾಡಿನ ನಡುವೆ ಒಂದು ಕೊಳ. ಕೊಳದ ಹಿಂದೆ ಮಂಡಿಗುಡ್ಡ. ದೂರದಿಂದ ನೋಡಿದ್ರೆ ಯಾರೋ ಒಂದು ಮಂಡಿ ಎತ್ತಿ ಕೂತ ಹಾಗೆ ಕಾಣತ್ತೆ, ಅದಕ್ಕೇ ಆ ಹೆಸರು. ಸುತ್ತಮುತ್ತ ಇರೋ ದೊಡ್ಡ ಪರ್ವತಗಳ ಪಕ್ಕ ಅದು ಏನೂ ಅಲ್ಲ. ಬೇಸಿಗೆಯಲ್ಲಿ ಕಾಡುಮೇಕೆಗಳು ಮೇವು ಅರಗಿಸ್ಕೊಳ್ಳೋಕೆ ಹತ್ತಿ ಇಳಿಯೋವಂಥ ಗುಡ್ಡ.

ಅಲ್ಲಿ ಒಂದು ಗವಿಯಲ್ಲಿ ಜಾಂಬಣ್ಣ ಅನ್ನೋ ಕರಡಿ, ಹೆಂಡತಿ ಜೇನಮ್ಮನ ಜೊತೆ ಸಂಸಾರ ಮಾಡಿಕೊಂಡಿದ್ದ. ನಡುವಯಸ್ಸು, ಒಳ್ಳೆಯ ಸ್ವಭಾವ. ಯಾರಾದ್ರೂ ಜೇನು ಕೇಳಿದ್ರೆ, ತಿಂದು ಮುಗಿಸಿಬಿಟ್ಟಿದ್ದೀನಲ್ಲ ಅಂತ ನಿಜವಾಗ್ಲೂ ಬೇಜಾರು ಮಾಡ್ಕೊಳ್ತಿದ್ದ.

ಅವನಿಗೆ ಇದ್ದ ಕೊರತೆ ಒಂದೇ. ಅವನು ಹಿಮ ನೋಡಿರಲಿಲ್ಲ.

ಹೇಗೆ ನೋಡ್ತಾನೆ ಹೇಳಿ. ಹಿಮ ಬೀಳೋ ಮುಂಚೆ ಕರಡಿಗಳು ಗವಿ ಸೇರಿ ಮಲಗಿಬಿಡ್ತವೆ. ಏಳೋ ಹೊತ್ತಿಗೆ ಅದು ಕರಗಿ ಕೊಳ ಸೇರಿರತ್ತೆ. ಪ್ರತಿ ವರ್ಷ ಜಾಂಬಣ್ಣ ಕಣ್ಣುಜ್ಜಿಕೊಂಡು ಕೊಳದ ಹತ್ರ ಬಂದ್ರೆ ಎಲ್ಲರ ಬಾಯಲ್ಲೂ ಅದೇ ಮಾತು. ಹಿಮ ಅಷ್ಟು ಬಿತ್ತು, ಇಷ್ಟು ಬಿತ್ತು, ನರಿ ಈ ದಡದಲ್ಲಿ ಜಾರಿ ಆ ದಡದಲ್ಲಿ ಹೋಗಿ ನಿಂತ, ಹೀಗೆ. ಎಲ್ಲರೂ ನಗೋರು. ಜಾಂಬಣ್ಣನೂ ನಗ್ತಿದ್ದ. ಯಾತಕ್ಕೆ ನಗ್ತಿದ್ದೀನಿ ಅಂತ ಅವನಿಗೆ ಗೊತ್ತಿರ್ತಿರಲಿಲ್ಲ. ಮದುವೆ ಮನೆಗೆ ಎಲೆ ಎತ್ತಿದ ಮೇಲೆ ಬಂದವನನ್ನ ಪಾಯಸ ಹೇಗಿತ್ತು ಅಂತ ಕೇಳಿದ ಹಾಗೆ ಇರ್ತಿತ್ತು ಅವನ ಪಾಡು.

ಒಂದು ವರ್ಷ "ಹೌದಾ" ಅಂದ. ಮರುವರ್ಷ "ಗೊತ್ತು ಗೊತ್ತು" ಅಂದ. ಅದರ ಮುಂದಿನ ವರ್ಷ "ನಾನೂ ನೋಡಿದ್ದೀನಲ್ಲ" ಅಂದ. ಆಮೇಲೆ ಸುಳ್ಳು ತಾನಾಗೇ ಬೆಳೀತು, ಅವನು ಏನೂ ಮಾಡಬೇಕಾಗಿ ಬರಲಿಲ್ಲ. ನಾನು ಹೇಳ್ತಿರೋ ವರ್ಷದ ಬೇಸಿಗೆ ಹೊತ್ತಿಗೆ ಜಾಂಬಣ್ಣ ಹಿಮದಲ್ಲಿ ಒಬ್ಬನೇ ಮಂಡಿಗುಡ್ಡ ಹತ್ತಿ, ಆ ಕಡೆ ಇಳಿದು, ತಿರುಗಿ ಬಂದಿದ್ದ. ಹಿಮ ಎಷ್ಟು ಆಳ ಇತ್ತು ಅಂತ ಯಾರೋ ಕೇಳಿದಾಗ, ಅದು ಅದರ ಮನಸ್ಸಿಗೆ ಬಿಟ್ಟಿದ್ದು ಅಂದಿದ್ದ. ಕೇಳಿದವರು ಅನುಭವಸ್ಥರ ಮಾತು ಅಂತ ತಲೆಯಾಡಿಸಿದ್ರು.

ಈ ಮಾತು ಯಾವುದೂ ಜೇನಮ್ಮನ ಕಿವಿಗೆ ಬಿದ್ದಿರಲಿಲ್ಲ. ಕೊಳದ ಹತ್ರ ಹರಟೆಗೆ ಕೂರೋ ಅಭ್ಯಾಸ ಅವಳಿಗಿರಲಿಲ್ಲ.

ಆ ವರ್ಷ ಕೆಳಗಿನ ಬಯಲಿಂದ ಇಬ್ಬರು ಹೊಸಬರು ಬಂದು ಕಾಡಲ್ಲಿ ಬಿಲ ತೋಡಿಕೊಂಡಿದ್ರು. ಒಬ್ಬಳು ಅರಳಕ್ಕ ಅನ್ನೋ ಮೊಲ. ಇನ್ನೊಬ್ಬ ಅವಳ ಪಕ್ಕದ ಬಿಲದ ಸೂಜಪ್ಪ ಅನ್ನೋ ಮುಳ್ಳುಹಂದಿ. ಸೂಜಪ್ಪನಿಗೆ ಮಾತು ಕಡಿಮೆ. ಅವನ ಹತ್ರ ಯಾರೂ ಒತ್ತಿಕೊಂಡು ಕೂರದೆ ಇದ್ದದ್ದರಿಂದ ಅಭ್ಯಾಸ ತಪ್ಪಿತ್ತು.

ಅರಳಕ್ಕನ ಅಕ್ಕ ಇದ್ದದ್ದು ಮಂಡಿಗುಡ್ಡದ ಆಚೆ. ಅವಳಿಗೆ ದಿನ ತುಂಬಿತ್ತು. ಬಾಣಂತನಕ್ಕೆ ಬಾ ಅಂತ ಮರಕುಟಿಗನ ಕೈಲಿ ಹೇಳಿ ಕಳಿಸಿದ್ಲು. ಭಾವ ಇದ್ದ, ಇಲ್ಲ ಅಂತಲ್ಲ. ಆದ್ರೆ ಗಾಬರಿಯಾದಾಗ ಓಡೋದು ಬಿಟ್ಟು ಅವನಿಗೆ ಬೇರೇನೂ ಬರ್ತಿರಲಿಲ್ಲ. ಮೊಲ ಅಲ್ವಾ.

ಅರಳಕ್ಕ ಹೊರಡೋ ತಯಾರಿಯಲ್ಲಿದ್ದಾಗಲೇ, ಯಾರೂ ಎಣಿಸಿರದಷ್ಟು ಬೇಗ, ಮೊದಲ ಹಿಮ ಬಿತ್ತು. ಇನ್ನೊಂದು ಸಲ ಬಿದ್ರೆ ಗುಡ್ಡದ ದಾರಿ ಮುಚ್ಚಿಹೋಗತ್ತೆ, ಆಮೇಲೆ ಯುಗಾದಿವರೆಗೂ ಆಚೆಯವರು ಆಚೆ, ಈಚೆಯವರು ಈಚೆ, ಅಂತ ಕೊಳದ ಹತ್ರ ಎಲ್ಲರೂ ಹೇಳಿದ್ರು. ದಾರಿ ಬಲ್ಲ ಕಾಡುಮೇಕೆಗಳು ಆಗಲೇ ಕೆಳಗಿನ ಹುಲ್ಲುಗಾವಲಿಗೆ ಇಳಿದುಹೋಗಿದ್ವು. ಯಾರು ಕರ್ಕೊಂಡು ಹೋಗೋರು ಅಂತ ಅರಳಕ್ಕ ಒಬ್ಬೊಬ್ಬರ ಮುಖ ನೋಡ್ತಿದ್ಲು.

ಅದೇ ಹೊತ್ತಿಗೆ ಜಾಂಬಣ್ಣ ಗವಿಯಿಂದ ಹೊರಗೆ ಬಂದ. ಅವನು ಇನ್ನೂ ಮಲಗಿರಲಿಲ್ಲ, ಆದ್ರೆ ಮಲಗೋ ಕಾಲ ಹತ್ರ ಬಂದಿತ್ತು. ಒಂದೇ ಸಮ ಆಕಳಿಕೆ. ಹೊರಗೆ ನೋಡಿದ್ರೆ ಕಾಡು ಇಲ್ಲ. ಇದ್ದ ಕಾಡಿನ ಮೇಲೆಲ್ಲ ಯಾರೋ ಅಕ್ಕಿಹಿಟ್ಟು ಜರಡಿ ಹಿಡಿದಿದ್ರು. ಒಂದು ಕಾಲಿಟ್ಟ, ಜುಂ ಅಂತು. ಹಿಂದಕ್ಕೆ ತಗೊಂಡ. ಓಡಿಹೋಗಿ ಜೇನಮ್ಮನನ್ನ ಎಬ್ಬಿಸಿ ತೋರಿಸಬೇಕು ಅನ್ನಿಸ್ತು. ಅಷ್ಟರಲ್ಲಿ ಕೊಳದ ಕಡೆಯಿಂದ ಕಾಗೆ ಕೂಗಿ ಕರೀತು.

ಹಿಮದಲ್ಲಿ ಗುಡ್ಡ ದಾಟಿದವನು ಜಾಂಬಣ್ಣ ಒಬ್ಬನೇ, ಅವನನ್ನ ಕೇಳು ಅಂತ ಕಾಗೆ ಅರಳಕ್ಕನಿಗೆ ಹೇಳ್ತು. ಎಲ್ಲರೂ ಅವನ ಕಡೆ ತಿರುಗಿದ್ರು.

ಜಾಂಬಣ್ಣ ಮೊದಲು ತನ್ನ ಸೊಂಟ ನೋವಿನ ವಿಷಯ ತೆಗೆದ. ಆಮೇಲೆ ಮನೆಯಲ್ಲಿ ಕೆಲಸ ಇದೆ ಅಂದ. ಅರಳಕ್ಕ ಏನೂ ವಾದ ಮಾಡಲಿಲ್ಲ, ಮುಂಗಾಲು ಜೋಡಿಸಿ ನಿಂತ್ಲು. "ಜಾಂಬಣ್ಣ, ನಮ್ಮಕ್ಕನಿಗೆ ಇದು ಚೊಚ್ಚಿಲು" ಅಂದ್ಲು.

ಆಗ್ಲಿ ಅನ್ನೋ ಮಾತು ಜಾಂಬಣ್ಣನ ಬಾಯಿಂದ ಅವನಿಗಿಂತ ಮುಂಚೆ ಹೊರಟುಬಿಡ್ತು.

ಗವಿಗೆ ಹೋಗಿ "ಇಲ್ಲೇ ಹೋಗಿ ಬರ್ತೀನಿ" ಅಂದ. ಜೇನಮ್ಮ ಅರೆನಿದ್ದೆಯಲ್ಲಿ ಹೂಂಗುಟ್ಟಿದ್ಲು.

ಹೀಗೆ ಮೂವರು ಹೊರಟ್ರು. ಮುಂದೆ ಜಾಂಬಣ್ಣ, ನಡುವೆ ಅರಳಕ್ಕ. ಹಿಂದೆ ಸೂಜಪ್ಪ, ಅಕ್ಕಪಕ್ಕದವರು ಅಂದಮೇಲೆ ಕಳಿಸಿಕೊಟ್ಟು ಬರಬೇಕಲ್ಲ ಅಂತ.

ಬೇಸಿಗೆಯಲ್ಲಿ ಜಾಂಬಣ್ಣ ಅರ್ಧ ಗುಡ್ಡದವರೆಗೂ ಜೇನು ಹುಡುಕಿಕೊಂಡು ಹೋಗಿದ್ದ. ಅಲ್ಲಿವರೆಗೆ ಹೇಗೋ ಆಗತ್ತೆ, ಆಮೇಲೆ ಏನಾದ್ರೂ ಹೊಳೆಯತ್ತೆ ಅಂತ ಧೈರ್ಯ ತಗೊಂಡಿದ್ದ. ಆದ್ರೆ ಅವನಿಗೆ ಗುರುತಿದ್ದದ್ದು ಕೆಂಪು ಬಂಡೆ, ಹಸಿರು ಹುಲ್ಲು, ಕಪ್ಪು ಹುತ್ತ. ಈಗ ಬಂಡೆ ಬೆಳ್ಳಗಿತ್ತು, ಹುಲ್ಲು ಬೆಳ್ಳಗಿತ್ತು, ಹುತ್ತ ಇರಲೇ ಇಲ್ಲ. ಒಂದು ತೊರೆ ಇರಬೇಕಿತ್ತಲ್ಲ, ಎಲ್ಲಿ ಹೋಯ್ತು ಅಂತ ಯೋಚನೆ ಮಾಡ್ತಾ ಇದ್ದಾಗ ಕಾಲ ಕೆಳಗೆ ಫಳ್ ಅಂತ ಶಬ್ದ ಆಯ್ತು. ತೊರೆ ಸಿಕ್ತು. ಜಾಂಬಣ್ಣ ಸೊಂಟದವರೆಗೂ ಅದರಲ್ಲೇ ಇದ್ದ.

ದಡದಲ್ಲಿ ನಿಂತ ಅರಳಕ್ಕ, ಇಲ್ಲಿ ಹೀಗೇ ದಾಟಬೇಕಾ ಅಂತ ವಿನಯವಾಗಿ ಕೇಳಿದ್ಲು.

"ಹೂಂ, ಹೀಗೇ" ಅಂದ ಜಾಂಬಣ್ಣ. ಹಲ್ಲು ಕಟಕಟ ಅಂತಿತ್ತು. "ನೀವು ಚಿಕ್ಕವರು. ನೀವು ಆ ಬಂಡೆ ಮೇಲಿಂದ ಬಂದ್ರೂ ನಡೆಯತ್ತೆ."

ಅವರಿಬ್ಬರೂ ಬಂಡೆ ಮೇಲಿಂದ ಕಾಲು ಒದ್ದೆಯಾಗದ ಹಾಗೆ ಬಂದ್ರು. ಜಾಂಬಣ್ಣನ ಕೂದಲು ಗಟ್ಟಿಯಾಗಿ, ನಡೆದಾಗೆಲ್ಲ ಪಾತ್ರೆ ಅಂಗಡಿ ಸದ್ದು ಬರೋಕೆ ಶುರುವಾಯ್ತು.

ಇನ್ನೂ ಸ್ವಲ್ಪ ಮೇಲೆ ಒಂದು ಬಿಳೀ ದಿಬ್ಬ ಕಂಡಿತು. ಜಾಂಬಣ್ಣನಿಗೆ ಸಮಾಧಾನ ಆಯ್ತು. ಇದೇ ನಮ್ಮ ಹುತ್ತ, ಇದರ ಎಡಕ್ಕೆ ಹೋಗಬೇಕು ಅಂತ ಹೇಳಿ ಅದರ ಮೇಲೆ ಕೈಯಿಟ್ಟು ನಿಂತ. ಹುತ್ತ ಎದ್ದು ಮೈ ಕೊಡವಿತು.

ಅದು ಚಮರಯ್ಯ ಅನ್ನೋ ಚಮರೀಮೃಗ. ಮೈತುಂಬ ನೆಲಕ್ಕೆ ಇಳಿಬಿದ್ದ ಕೂದಲಿರೋ ಎಮ್ಮೆ ಅಂದ್ಕೊಳ್ಳಿ. ವರ್ಷವಿಡೀ ಗುಡ್ಡದ ಮೇಲೇ ಇರೋನು, ಕೊಳದ ಕಡೆ ಇಳಿಯೋದು ಅಪರೂಪ. ಅವನು ಮೂವರನ್ನೂ ನೋಡಿ, ಎಲ್ಲಿಗೆ ಹೊರಟ್ರಿ ಅಂತ ಕೇಳಿದ.

ಅರಳಕ್ಕ ಹೇಳೋಕೆ ಬಾಯಿ ತೆಗೆದ್ಲು. ಜಾಂಬಣ್ಣ ಅಡ್ಡ ಬಂದ. ಇವಳು ಹೇಳ್ತಾಳೆ, ಅವನು ದಾರಿ ಹೇಳ್ತಾನೆ, ಅದು ತಾನು ಹೋಗ್ತಿರೋ ದಾರಿ ಆಗಿರಲ್ಲ ಅಂತ ಅವನಿಗೆ ಒಳಗೊಳಗೇ ಗೊತ್ತಿತ್ತು. ಸುಮ್ಮನೆ ಹೀಗೇ ಒಂದು ಸುತ್ತು ಅಂತ ಹೇಳಿ ಇಬ್ಬರನ್ನೂ ಮುಂದಕ್ಕೆ ಹೊರಡಿಸಿಬಿಟ್ಟ. ಜಾಂಬಣ್ಣನೇ ಮುಂದೆ ಇದ್ದಾನಲ್ಲ, ದಾರಿ ಗೊತ್ತಿರಬೇಕು ಅಂತ ಚಮರಯ್ಯನೂ ಸುಮ್ಮನಾದ.

ಸ್ವಲ್ಪ ದೂರ ಹೋದ ಮೇಲೆ ಅರಳಕ್ಕ, ಅವರನ್ನ ಒಂದು ಮಾತು ಕೇಳಬಹುದಿತ್ತಲ್ಲ ಅಂದ್ಲು.

"ನೋಡು ಅರಳಕ್ಕ, ಹೊರಟವರನ್ನ ಎಲ್ಲಿಗೆ ಅಂತ ಕೇಳಬಾರದು. ಕೇಳಿದ್ರೆ ಹೋದ ಕೆಲಸ ಆಗಲ್ಲ. ನಿಮ್ಮ ಬಯಲಲ್ಲಿ ಈ ಪದ್ಧತಿ ಇಲ್ವಾ?"

ಇದೆ ಅಂದ್ಲು ಅರಳಕ್ಕ. ಹಾಗೆ ಕೇಳಿದ್ರೆ ಸ್ವಲ್ಪ ಹೊತ್ತು ಕೂತು, ಆಮೇಲೆ ಹೊರಡಬೇಕು ಅಂತ ಅವಳ ಅಜ್ಜಿ ಹೇಳ್ತಿದ್ಲಂತೆ.

ಜಾಂಬಣ್ಣನಿಗೆ ಇದಕ್ಕಿಂತ ಒಳ್ಳೆ ಮಾತು ಬೆಳಿಗ್ಗೆಯಿಂದ ಕೇಳಿಸಿರಲಿಲ್ಲ. ಕೂತ.

ಇಲ್ಲೇ ನೋಡಿ ಮಕ್ಕಳೇ, ಎಡವಟ್ಟಾಗಿದ್ದು. ಹೊಟ್ಟೆ ತುಂಬಿದ ಕರಡಿ, ಸುತ್ತ ಚಳಿ, ಕೆಳಗೆ ಮೆತ್ತಗಿನ ಹಿಮ. ಎದ್ದು ಮುಂದೆ ಹೋದ್ರೂ ನಿದ್ದೆ ಬೆನ್ನು ಬಿಡಲಿಲ್ಲ. ನಾಲ್ಕು ಹೆಜ್ಜೆಗೊಂದು ಆಕಳಿಕೆ. ಎಷ್ಟು ಆರಾಮಾಗಿ ನಡೀತಾರೆ ನೋಡು, ಅನುಭವ ಅಂದ್ರೆ ಇದು ಅಂತ ಅರಳಕ್ಕ ಸೂಜಪ್ಪನಿಗೆ ಪಿಸುಗುಟ್ಟಿದ್ಲು. ಜಾಂಬಣ್ಣ ತುದಿ ಅಂದ್ಕೊಂಡು ಹತ್ತಿದ ಜಾಗ ತುದಿ ಆಗಿರಲಿಲ್ಲ, ಪಕ್ಕಕ್ಕೆ ಚಾಚಿಕೊಂಡ ದಿಣ್ಣೆ. ಮುಂದೆ ದಾರಿ ಇರಲಿಲ್ಲ, ಕಡಿದಾದ ಬಂಡೆ ಇತ್ತು. ಹೊತ್ತು ಇಳಿಯೋಕೆ ಶುರುವಾಗಿತ್ತು. ಪಡುವಣ ಮೋಡ ಬೂದಿ ಬಣ್ಣಕ್ಕೆ ತಿರುಗ್ತಿತ್ತು. ಅಂದ್ರೆ ಎರಡನೇ ಹಿಮ ಹತ್ರದಲ್ಲೇ ಇತ್ತು.

ಜಾಂಬಣ್ಣ ಬಂಡೆ ನೋಡಿದ. ಮತ್ತೆ ಕೂತ. ಕಣ್ಣು ಮುಚ್ಚಿದ.

ಇದೇನು ಮಾಡ್ತಿದ್ದೀರಿ ಅಂತ ಅರಳಕ್ಕ ಕೇಳಿದ್ಲು.

"ಗಾಳಿ ಎತ್ತ ಕಡೆಯಿಂದ ಬೀಸ್ತಿದೆ ಅಂತ ನೋಡ್ತಿದ್ದೀನಿ."

ಇಬ್ಬರೂ ಕಾದ್ರು. ಸ್ವಲ್ಪ ಹೊತ್ತಿಗೆ ಗೊರಕೆ ಕೇಳಿಸ್ತು.

"ಗಾಳಿ ಸಿಕ್ಕಿದ ಹಾಗಿದೆ" ಅಂದ ಸೂಜಪ್ಪ. ಬೆಳಿಗ್ಗೆಯಿಂದ ಅವನು ಆಡಿದ ಮೊದಲ ಮಾತು.

ಅರಳಕ್ಕ ಕೂಗಿದ್ಲು. ಕಿವಿ ಎಳೆದ್ಲು. ಹೊಟ್ಟೆ ಮೇಲೆ ಹತ್ತಿ ಕುಣಿದ್ಲು. ಬೆಟ್ಟ ಅಲ್ಲಾಡಿದ್ರೂ ಜಾಂಬಣ್ಣ ಅಲ್ಲಾಡಲಿಲ್ಲ. ಒದ್ದೆ ಮೈ, ಬಯಲು ಜಾಗ. ಗವಿಯಲ್ಲಿ ಮಲಗೋ ಕರಡಿ ಯುಗಾದಿಗೆ ಏಳತ್ತೆ, ಇಲ್ಲಿ ಮಲಗಿದ್ದು ಏಳತ್ತೆ ಅಂತ ಯಾವ ನಂಬಿಕೆ? ಅವಳಿಗೆ ಅಳು ಬಂತು. ಗುಡ್ಡದ ಆಚೆ ಅಕ್ಕ ಕಾಯ್ತಿದ್ದಾಳೆ. ಈಚೆ ತನ್ನನ್ನ ಕರ್ಕೊಂಡು ಬಂದವನು ಹೀಗೆ ಬಿದ್ದಿದ್ದಾನೆ. ಬಿಟ್ಟು ಹೋಗೋದು ಹೇಗೆ?

ಸೂಜಪ್ಪ ಕ್ಷಮಿಸಬೇಕು ಅಂತ ಮೊದಲೇ ಹೇಳಿದ. ಆಮೇಲೆ ತಿರುಗಿ, ಹಿಂದಕ್ಕೆ ನಡೆದುಕೊಂಡು ಹೋಗಿ, ಜಾಂಬಣ್ಣನಿಗೆ ಒರಗಿದ.

ಜಾಂಬಣ್ಣ ನೆಟ್ಟಗೆ ಎದ್ದು ನಿಂತ. "ಯುಗಾದಿ ಬಂತಾ?" ಅಂದ.

ಬಂದಿಲ್ಲ ಅಂತ ಹೇಳಿದ್ರು. ಅರಳಕ್ಕ ಕಣ್ಣೊರೆಸಿಕೊಂಡು ಕೇಳಿದ್ಲು: "ಹೋದ ಸಲ ಒಬ್ಬರೇ ಬಂದಿದ್ರಲ್ಲ, ಆಗ ನಿದ್ದೆ ಬಂದಾಗ ಏನು ಮಾಡಿದ್ರಿ? ಅದನ್ನೇ ಈಗಲೂ ಮಾಡೋಣ."

ಜಾಂಬಣ್ಣ ಬಂಡೆ ಕಡೆ ನೋಡಿದ. ಬಂದ ದಾರಿ ಕಡೆ ನೋಡಿದ. ಅವಳ ಒದ್ದೆ ಮೂಗು ನೋಡಿದ. ಹೇಳೋಕೆ ಇನ್ನೊಂದು ಸುಳ್ಳು ಇತ್ತು, ಚೆನ್ನಾಗೇ ಇತ್ತು. ಆದ್ರೆ ಅದು ಬಾಯಿವರೆಗೂ ಬರಲಿಲ್ಲ.

"ಹೋದ ಸಲ ಅಂತ ಒಂದು ಇಲ್ಲವೇ ಇಲ್ಲ ಅರಳಕ್ಕ. ನಾನು ಹಿಮ ನೋಡ್ತಿರೋದೇ ಇವತ್ತು. ದಾರಿ ನನಗೆ ಗೊತ್ತಿಲ್ಲ."

ಇವಳು ಬೈತಾಳೆ ಅಂತ ಜಾಂಬಣ್ಣ ತಲೆ ತಗ್ಗಿಸಿ ನಿಂತ.

ಅರಳಕ್ಕ ಬೈಯೋಕೆ ನಿಲ್ಲಲಿಲ್ಲ. "ಬೆಳಿಗ್ಗೆ ಹೇಳಬಾರದಿತ್ತಾ" ಅಂತ ಅಂದಿದ್ದು ಕೇಳಿಸೋ ಹೊತ್ತಿಗೆ ಅವಳು ಅರ್ಧ ಇಳಿಜಾರು ಇಳಿದಾಗಿತ್ತು. ನೇರ ಹೋಗಿ ಚಮರಯ್ಯನ ಮುಂದೆ ನಿಂತು, ನಮಗೆ ದಾರಿ ಗೊತ್ತಿಲ್ಲ, ಜಾಂಬಣ್ಣನಿಗೂ ಗೊತ್ತಿಲ್ಲ, ನೀವು ಹೇಳಿಕೊಡ್ತೀರಾ ಅಂತ ಕೇಳಿದ್ಲು.

ಚಮರಯ್ಯ ಮೇಯ್ತಾ ಇದ್ದವನು ತಲೆಯೆತ್ತಿದ. ಗೊತ್ತಿಲ್ಲ ಅಂತ ಹೇಳೋರು ಸಿಕ್ಕರೆ ಹೇಳಿಕೊಡೋಕೆ ಏನು ಕಷ್ಟ ಅಂತ ಗೊಣಗಿಕೊಂಡು ಜೊತೇಲೇ ಹೊರಟ.

ಬಂದವನು ಜಾಂಬಣ್ಣ ನಿಂತಿದ್ದ ಜಾಗ ನೋಡಿ ತಲೆ ಚಚ್ಚಿಕೊಂಡ. ಬಂದ ದಾರೀಲಿ ಜಾಂಬಣ್ಣನಂಥ ಭಾರದವನು ಇಳಿಯೋ ಹಾಗಿಲ್ಲ, ಜಾರಿದ್ರೆ ಕೊಳದಲ್ಲೇ ನಿಲ್ಲೋದು. ಇಲ್ಲಿಂದ ಅಡ್ಡ ಹೋಗಿ ತುದಿ ಮುಟ್ಟಬೇಕು. ತುದಿ ಹತ್ರ ಗಾಳಿ ಹಿಮ ನಿಲ್ಲೋಕೆ ಬಿಡಲ್ಲ, ನೆಲ ಗಟ್ಟಿ. ಅಲ್ಲಿಂದ ಆ ಕಡೆ ಒಂದು ದಾರಿ, ಈ ಕಡೆ ಒಂದು ದಾರಿ. ಇಷ್ಟನ್ನ ಅವನು ಒಂದೇ ಉಸಿರಲ್ಲಿ ಹೇಳಿ ಮುಂದೆ ಹೊರಟ. ಅವನು ತುಳಿದ ಕಡೆಯೇ ಉಳಿದವರು ತುಳಿದ್ರು. ಈ ಸಲ ಜಾಂಬಣ್ಣ ಮುಂದೆ ಇರಲಿಲ್ಲ. ಅವನ ಹಿಂದೆ ಸೂಜಪ್ಪ ಇದ್ದ. ಜಾಂಬಣ್ಣ ನಿಂತಾಗೆಲ್ಲ ಸೂಜಪ್ಪ ನಿಲ್ತಿರಲಿಲ್ಲ, ಅಷ್ಟೇ.

ತುದಿ ಸಿಕ್ತು. ತುದಿ ಅಂದ್ರೆ ಏನಿಲ್ಲ, ನಾಲ್ಕು ಜನ ಒತ್ತಿಕೊಂಡು ನಿಲ್ಲೋವಷ್ಟು ಜಾಗ. ಸೂಜಪ್ಪ ಇದ್ದದ್ದರಿಂದ ಯಾರೂ ಒತ್ತಿಕೊಳ್ಳಲಿಲ್ಲ.

ಜಾಂಬಣ್ಣ ಕೆಳಗೆ ನೋಡಿದ. ಅವನು ಹುಟ್ಟಿದಾಗಿಂದ ಇದ್ದ ಕಾಡು ಅದು. ಒಂದೊಂದು ಮರದ ಜೇನೂ ಅವನಿಗೆ ಗೊತ್ತು. ಈಗ ಅದು ಉಸಿರು ಬಿಟ್ಟ ಸದ್ದೂ ಕೇಳದ ಹಾಗೆ ಬೆಳ್ಳಗೆ ಮಲಗಿತ್ತು. ನಡುವೆ ಕೊಳ ಮಾತ್ರ ಕಪ್ಪಗೆ, ಮಗುವಿನ ಕೆನ್ನೆಗೆ ಇಟ್ಟ ದೃಷ್ಟಿಬೊಟ್ಟಿನ ಹಾಗೆ. ದೂರದ ದೊಡ್ಡ ಪರ್ವತಗಳಿಗೆ ಬಿಸಿಲು ತಾಗಿ ಒಂದೊಂದೇ ಕೆಂಪಾಗ್ತಿದ್ವು.

ಹೇಗಿದೆ ಅಂತ ಅರಳಕ್ಕ ಕೇಳಿದ್ಲು. ಹೇಳೋಕೆ ಬರ್ತಿಲ್ಲ ಅಂದ ಜಾಂಬಣ್ಣ. ನಿದ್ದೆ ಒಂದು ಗಳಿಗೆ ಅವನನ್ನ ಬಿಟ್ಟು ದೂರ ನಿಂತ ಹಾಗಿತ್ತು.

ಎರಡನೇ ಹಿಮ ಬೀಳೋಕೆ ಶುರುವಾಯ್ತು. ಅರಳಕ್ಕ ಚಮರಯ್ಯನ ಬೆನ್ನ ಮೇಲೆ ಹತ್ತಿ ಕೂತು ಆ ಕಡೆ ಇಳಿದ್ಲು. ಹೋಗೋ ಮುಂಚೆ ಜಾಂಬಣ್ಣನ ಕಾಲು ಮುಟ್ಟಿ, "ನಿಮ್ಮ ಮೇಲೆ ಸಿಟ್ಟಿದೆ ಜಾಂಬಣ್ಣ. ಮರಿಗಳನ್ನ ನೋಡೋಕೆ ಬನ್ನಿ, ಅಷ್ಟು ಹೊತ್ತಿಗೆ ಸಿಟ್ಟು ಇರಲ್ಲ" ಅಂದ್ಲು. ಕತ್ತಲಾಗೋ ಮುಂಚೆ ಅಕ್ಕನ ಬಿಲ ಸೇರಿದ್ಲು. ಭಾವ ಆಗಲೇ ಓಡಿಹೋಗಿದ್ದ. ಮರಿಗಳು ಮಾರನೇ ದಿನ ಹುಟ್ಟಿದ್ವು, ತಾಯಿ ಮರಿ ಎಲ್ಲ ಸುಖವಾಗಿದ್ರು. ಅದರ ಮಾರನೇ ದಿನ ದಾರಿ ಮುಚ್ಚಿಹೋಯ್ತು.

ಈ ಕಡೆ ಇಳಿದವರ ವಿಷಯ ಹೆಚ್ಚು ಹೇಳೋದು ಬೇಡ. ಜಾಂಬಣ್ಣ ಆರಂಭದಲ್ಲಿ ನಿಂತ್ಕೊಂಡು ಮಲಗಿದ, ಆಮೇಲೆ ನಡೀತಾ ಮಲಗಿದ, ಒಂದು ಕಡೆ ಉರುಳಿಕೊಂಡು ಮಲಗಿ ಸಾಕಷ್ಟು ದೂರ ಉಳಿಸಿದ. ಸೂಜಪ್ಪ ಪ್ರತಿ ಸಲವೂ ಮೊದಲು ಕ್ಷಮೆ ಕೇಳಿದ. ಗವಿ ಮುಟ್ಟೋ ಹೊತ್ತಿಗೆ ಸೂಜಪ್ಪನ ಬೆನ್ನಲ್ಲಿದ್ದ ಮುಳ್ಳಿಗಿಂತ ಜಾಂಬಣ್ಣನ ಹಿಂಭಾಗದಲ್ಲಿದ್ದ ಮುಳ್ಳು ಜಾಸ್ತಿ ಅನ್ನೋ ಹಾಗಿತ್ತು.

ಜೇನಮ್ಮ ನಿದ್ದೆ ತಡೆದುಕೊಂಡು ಗವಿಯೊಳಗೆ ಕತ್ತಲಲ್ಲೇ ಕಾಯ್ತಾ ಕೂತಿದ್ಲು. ಬೆಚ್ಚಗಿನ ಮೂಲೆಗೆ ಕರ್ಕೊಂಡು ಹೋಗಿ, ಮೈ ಒರೆಸಿ, ಒಂದೊಂದೇ ಮುಳ್ಳು ಕೀಳೋಕೆ ಶುರುಮಾಡಿದ್ಲು. ಜಾಂಬಣ್ಣ ಎಲ್ಲ ಹೇಳಿದ. ಸುಳ್ಳು ಹೇಳಿದ್ದು, ತೊರೆಗೆ ಬಿದ್ದದ್ದು, ನಂಬಿ ಬಂದ ಅರಳಕ್ಕನನ್ನ ಬೇರೆಲ್ಲೋ ಹತ್ತಿಸಿದ್ದು. ಯುಗಾದಿಗೆ ಎದ್ದು ಕೊಳದ ಹತ್ರ ಹೋದ್ರೆ ಎಲ್ಲರೂ ನಗ್ತಾರೆ, ಹಿಮ ಅಂದ್ರೇನು ಅಂತಲೇ ಗೊತ್ತಿಲ್ಲದ ಕರಡಿ ಅಂತಾರೆ, ನಾನು ಮುಖ ಹೇಗೆ ತೋರಿಸ್ಲಿ ಅಂದ.

ಜೇನಮ್ಮ ಇನ್ನೊಂದು ಮುಳ್ಳು ಕಿತ್ತು ಪಕ್ಕಕ್ಕಿಟ್ಟು ಹೇಳಿದ್ಲು: "ನಗ್ಲಿ ಬಿಡ್ರೀ. ನನಗೂ ಗೊತ್ತಿಲ್ಲ ಅದು ಹೇಗಿರತ್ತೆ ಅಂತ. ಬೋರಲು ಮಲಗಿ, ನಿಧಾನವಾಗಿ ಹೇಳಿ, ಕೇಳ್ತೀನಿ."

ನೀತಿ: ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತ ಹೊರಡೋ ಮುಂಚೆಯೇ ಹೇಳಿಬಿಡಬೇಕು, ಗುಡ್ಡದ ಮೇಲೆ ಹೋಗಿ ಹೇಳಿದ್ರೆ ನಮ್ಮನ್ನ ನಂಬಿ ಬಂದವರಿಗೂ ಕಷ್ಟ.